ಕಂಬಿ ಹಿಡಿಯದ ಕಂಡಕ್ಟರು

ಮೂಡುಬಿದಿರೆಯಿಂದ ಚಾರ್ಮಾಡಿಯವರೆಗೆ ಯಾವ ಹೋಟೆಲಿಗೆ ಬೇಕಾದರೂ ಹೋಗಿ ಒಂದು ಚಾ ಹೇಳಿ ಕುಳಿತುಕೊಳ್ಳಿ. ಕಂಡಕ್ಟರ್ ರುಕ್ಮಯ್ಯನ ಹೆಸರೆತ್ತಿದರೆ ಸಾಕು, ಗಲ್ಲಾಪೆಟ್ಟಿಗೆಯ ಹಿಂದಿನವರಿಂದ ಹಿಡಿದು ಮೂಲೆಯಲ್ಲಿ ಗೋಳಿಬಜೆ ತಿನ್ನುವವರವರೆಗೆ ಎಲ್ಲರೂ ಒಂದೇ ಕಥೆ ಹೇಳಿ ನಗುತ್ತಾರೆ. ಅವರು ಹೇಳುವುದರಲ್ಲಿ ಅರ್ಧ ಸುಳ್ಳು. ಉಳಿದ ಅರ್ಧವನ್ನು ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು ಎಂದು ಕಂಡದ್ದರಿಂದ ಬರೆಯಲು ಕುಳಿತಿದ್ದೇನೆ.

ಮೊದಲು ನನ್ನ ಘನತೆ ಎಂಥದ್ದಿತ್ತು ಎಂಬುದು ನಿಮಗೆ ಗೊತ್ತಾಗಬೇಕು. 'ಪದ್ಮಲತಾ' ಎಂಬ ಬಸ್ಸಿನಲ್ಲಿ ಆಗ ನಾನು ಹದಿನಾಲ್ಕು ವರ್ಷದಿಂದ ಕಂಡಕ್ಟರು. (ಪದ್ಮಲತಾ ಎಂಬುದು ನಮ್ಮ ಬಸ್ಸಿನ ಧನಿ ಭರತರಾಜ ಹೆಗ್ಡೆಯವರ ಮಗಳ ಹೆಸರು. "ಇವರು ದಿನಕ್ಕೆ ಹದಿನಾಲ್ಕು ಗಂಟೆ ಪದ್ಮಲತಾಳ ಜೊತೆಗೇ ಇರ್ತಾರೆ" ಎಂದು ನನ್ನ ಹೆಂಡತಿ ನೆಂಟರೆದುರು ಹೇಳುವುದುಂಟು. ಹೊಸ ನೆಂಟರು ಊಟ ಅರ್ಧಕ್ಕೇ ನಿಲ್ಲಿಸುತ್ತಾರೆ.) ಬೆಳಿಗ್ಗೆ ಆರೂವರೆಗೆ ತೋಡಾರಿನಿಂದ ಹೊರಟರೆ ಮೂಡುಬಿದಿರೆ, ವೇಣೂರು, ಬೆಳ್ತಂಗಡಿ, ಮುಂಡಾಜೆ, ಚಾರ್ಮಾಡಿ. ಅಲ್ಲಿಂದ ಘಾಟಿ ಹತ್ತಿ ಕೊಟ್ಟಿಗೆಹಾರ. ಮತ್ತೆ ಪುನಃ ಕೆಳಗೆ. ಆ ಹದಿನಾಲ್ಕು ವರ್ಷದಲ್ಲಿ, ಘಾಟಿಯ ಒಂದು ತಿರುವಿನಲ್ಲಿಯೂ, ನಾನು ಬಸ್ಸಿನ ಕಂಬಿ ಹಿಡಿದವನಲ್ಲ.

ಇದು ಸಣ್ಣ ವಿಷಯ ಎಂದು ನಿಮಗೆ ಅನ್ನಿಸಬಹುದು. ಒಮ್ಮೆ ನಿಂತು ನೋಡಿ. ಎಡಗೈಯಲ್ಲಿ ಟಿಕೆಟ್ ಪುಸ್ತಕ, ಬೆರಳುಗಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟುಗಳು, ಬಲಗೈಯಲ್ಲಿ ಪೆನ್ಸಿಲು, ಬಾಯಲ್ಲಿ ವಿಸಿಲು, ಹೆಗಲಿನಿಂದ ಅಡ್ಡಕ್ಕೆ ಇಳಿಬಿಟ್ಟ ಚರ್ಮದ ಚೀಲ. ಕಂಬಿ ಹಿಡಿಯಲು ದೇವರು ಮೂರನೆಯ ಕೈ ಕೊಟ್ಟಿಲ್ಲ. ಬೇರೆ ಕಂಡಕ್ಟರುಗಳು ಸೊಂಟವನ್ನು ಸೀಟಿಗೆ ಒತ್ತಿ, ಮೊಣಕೈಯನ್ನು ಕಂಬಿಗೆ ಸಿಕ್ಕಿಸಿ ಹೇಗೋ ಸುಧಾರಿಸುತ್ತಾರೆ. ನಾನು ಮಾತ್ರ ನಡುದಾರಿಯಲ್ಲಿ, ಗೊಮ್ಮಟನ ಹಾಗೆ, ಏನನ್ನೂ ಮುಟ್ಟದೆ ನಿಲ್ಲುತ್ತಿದ್ದೆ. ಕೆಲವರು ಅದನ್ನು ನೋಡುವುದಕ್ಕಾಗಿಯೇ ಮೊದಲು ಬಂದ ಬಸ್ಸು ಬಿಟ್ಟು ನಮ್ಮ ಬಸ್ಸಿಗೆ ಕಾಯುತ್ತಿದ್ದರು ಎಂದು ಕೇಳಿದ್ದೇನೆ. (ಕೇಳಿದ್ದು ನನ್ನ ಬಾಯಿಂದಲೇ ಎಂದು ನನ್ನ ಹೆಂಡತಿ ಹೇಳುತ್ತಾಳೆ.)

ಬಸ್ಸಿನಲ್ಲಿ ಐವತ್ತು ಜನರಿಗೆ "ಮುಂದೆ ಹೋಗಿ" ಎಂದು ಆಜ್ಞೆ ಮಾಡುವವನಿಗೆ ಮನೆಯಲ್ಲಿ ಒಬ್ಬಳನ್ನು ಒಂದು ಹೆಜ್ಜೆ ಸರಿಸಲು ಆಗುವುದಿಲ್ಲ. ಅವಳ ಹೆಸರು ವಾರಿಜಾಕ್ಷಿ. ಬೀಡಿ ಕಟ್ಟುತ್ತಾಳೆ. ಕೈ ಓಡಿದಷ್ಟೇ ವೇಗದಲ್ಲಿ ಬಾಯಿ ಓಡುತ್ತದೆ, ಒಂದಕ್ಕಾಗಿ ಇನ್ನೊಂದು ನಿಲ್ಲುವುದಿಲ್ಲ. "ಒಂದು ದಿನ ನೀವು ಬೀಳ್ತೀರಿ, ಕಂಬಿ ಹಿಡ್ಕೊಳ್ಳಿ ಮಾರಾಯ್ರೆ" ಎಂದು ಮದುವೆಯಾದ ಮರುದಿನ ಶುರು ಮಾಡಿದವಳು ಇನ್ನೂ ನಿಲ್ಲಿಸಿಲ್ಲ. (ನಾವು ಮಾತಾಡುವುದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ವಾರಿಜಾಕ್ಷಿಯ ಬೈಗುಳಗಳು ದಾರಿಯಲ್ಲಿ ಸ್ವಲ್ಪ ಖಾರ ಕಳೆದುಕೊಂಡಿವೆ, ಕ್ಷಮಿಸಬೇಕು.)

ಎಪ್ಪತ್ತೊಂಬತ್ತನೇ ಇಸವಿಯ ನವಂಬರ್ ತಿಂಗಳು. ಒಂದು ವಾರ ಶೀತವಾಗಿ ಗುಣವಾಗಿತ್ತು. ಆ ಬೆಳಿಗ್ಗೆ ಐದೂವರೆಗೆ ಎಂದಿನಂತೆ ಕಣ್ಣು ತೆರೆದೆ. ಮಾಡಿನ ಹಂಚುಗಳು ಸಾಲಾಗಿ ಎಡದಿಂದ ಬಲಕ್ಕೆ ಹೋಗುತ್ತಿದ್ದವು. ಹೋದ ಹಂಚೇ ತಿರುಗಿ ಎಡಗಡೆಯಿಂದ ಬರುತ್ತಿತ್ತು. ಅಭ್ಯಾಸಬಲದಿಂದ ನಾನು "ಹೋಲ್ಡಾನ್" ಎಂದೆ. ಹಂಚು ನಿಲ್ಲಲಿಲ್ಲ.

"ಹಾಸಿಗೆಯಲ್ಲಿ ಯಾರನ್ನು ಇಳಿಸ್ತಾ ಇದ್ದೀರಿ?" ಎಂದು ಒಲೆಯ ಹತ್ತಿರದಿಂದ ವಾರಿಜಾಕ್ಷಿ ಕೇಳಿದಳು.

"ನನ್ನನ್ನೇ ಇಳಿಸಬೇಕು ಮಾರಾಯ್ತಿ. ಮನೆ ತಿರುಗ್ತಾ ಉಂಟು."

"ಬಾಡಿಗೆ ಮನೆ, ಅದು ಎಲ್ಲಿಗೆ ತಿರುಗ್ತದೆ? ಎದ್ದು ಮುಖ ತೊಳೀರಿ."

ಎದ್ದೆ. ಎದ್ದೆ ಎಂದರೆ, ಎದ್ದವನು ನಿಲ್ಲುವ ಮೊದಲೇ ಎಡಕ್ಕೆ ಹೋಗಿ ಗೋಡೆಗೆ ಒರಗಿಸಿಟ್ಟ ಬೀಡಿ ಮೊರದ ಮೇಲೆ ಬಿದ್ದೆ. ಕತ್ತರಿಸಿಟ್ಟ ಎಲೆ, ಹೊಗೆಸೊಪ್ಪು, ನೂಲುಂಡೆ ಎಲ್ಲ ನನ್ನ ಜೊತೆ ಕೋಣೆ ತುಂಬ ಹರಡಿಕೊಂಡವು. ಮೂಗಿಗೆ ಹೊಗೆಸೊಪ್ಪಿನ ಪುಡಿ ಹೋಗಿ ಸೀನು ಬಂತು. ಸೀನಿದಾಗ ಮನೆ ಇನ್ನೂ ಎರಡು ಸುತ್ತು ಜಾಸ್ತಿ ತಿರುಗಿತು. ಆಮೇಲೆ ವಾಂತಿ. ವಾರಿಜಾಕ್ಷಿ ಓಡಿ ಬಂದಳು. ಮೊದಲು ಮೊರ ನೋಡಿದಳು, ಆಮೇಲೆ ನನ್ನನ್ನು.

"ಪಿತ್ತ," ಎಂದಳು. "ಮೊನ್ನೆ ಕೊಟ್ಟಿಗೆಹಾರದಲ್ಲಿ ತಣ್ಣಗಾದ ಗೋಳಿಬಜೆ ತಿಂದದ್ದು ಯಾರು? ಪಿತ್ತ ನೆತ್ತಿಗೆ ಹೋಗಿದೆ."

ನಮ್ಮ ಊರಿನಲ್ಲಿ ತಲೆ ತಿರುಗಿದರೆ ಅದು ಪಿತ್ತ. ಅದಕ್ಕೆ ಎರಡನೆಯ ಅಭಿಪ್ರಾಯ ಇಲ್ಲ. ಪುನರ್ಪುಳಿ ಶರಬತ್ತು ಕುಡಿಸಿದಳು, ಹೊರಗೆ ಬಂತು. ಜೀರಿಗೆ ಕಷಾಯ ಕುಡಿಸಿದಳು, ಅದೂ ಹೊರಗೆ ಬಂತು. ಲಿಂಬೆ ಮೂಸಿಸಿದಳು. ಅದು ಹೊಟ್ಟೆಗೆ ಹೋಗದ ಕಾರಣ ಬರಲು ಏನೂ ಇರಲಿಲ್ಲ. ಕಣ್ಣು ಮುಚ್ಚಿದರೆ ನಾನು ತಿರುಗುತ್ತಿದ್ದೆ, ಕಣ್ಣು ತೆರೆದರೆ ಮನೆ ತಿರುಗುತ್ತಿತ್ತು. ಇದರಲ್ಲಿ ಯಾವುದು ಕಡಿಮೆ ಕಷ್ಟ ಎಂದು ನಾನು ಲೆಕ್ಕ ಹಾಕುತ್ತಿರುವಾಗ ಹೊರಗೆ ಬಸ್ಸಿನ ಹಾರನ್ ಕೇಳಿಸಿತು.

ಡ್ರೈವರ್ ಮೂಸಬ್ಬನ ಮನೆ ನಮ್ಮ ಮನೆಯ ಎದುರಿಗೇ. ರಾತ್ರಿ ಬಸ್ಸು ಅವನ ಅಂಗಳದಲ್ಲೇ ನಿಲ್ಲುವುದು. ಹನ್ನೊಂದು ವರ್ಷದಿಂದ ಅವನು ಸ್ಟೇರಿಂಗ್ ಹಿಡಿಯುತ್ತಾನೆ, ನಾನು ಏನನ್ನೂ ಹಿಡಿಯುವುದಿಲ್ಲ. ನಾನು ಬಾರದ್ದನ್ನು ಕಂಡು ಒಳಗೆ ಬಂದು, ಹಾಸಿಗೆಯ ಎರಡೂ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದ್ದ ನನ್ನನ್ನು ನೋಡಿದ.

"ಏ ರುಕ್ಮಯ್ಯ, ಹದಿನಾಲ್ಕು ವರ್ಷ ಕಂಬಿ ಹಿಡಿಯದವ ಈಗ ಹಾಸಿಗೆ ಹಿಡ್ದಿದ್ದೀಯಲ್ಲ ಮಾರಾಯ."

"ಪಿತ್ತ, ಮೂಸಾಕ," ಎಂದಳು ವಾರಿಜಾಕ್ಷಿ.

"ಪಿತ್ತ ಅಲ್ಲ ವಾರಿಜಕ್ಕ." ಮೂಸಬ್ಬ ತಲೆಗೆ ಸುತ್ತಿದ ತುಂಡುಬಟ್ಟೆಯನ್ನು ಬಿಚ್ಚಿ ಪುನಃ ಕಟ್ಟಿದ. ಅವನು ದೊಡ್ಡ ವಿಷಯ ಹೇಳುವ ಮೊದಲು ಹಾಗೆ ಮಾಡುತ್ತಾನೆ. "ಇವನು ಇಷ್ಟು ವರ್ಷ ಓಡುವ ನೆಲದಲ್ಲಿ ನಿಂತವ. ಇವನ ಕಾಲಿಗೆ ಈಗ ನಿಂತ ನೆಲ ಆಗುದಿಲ್ಲ. ನೆಲ ಸುಮ್ಮನೆ ಇದ್ರೆ ತಲೆ ತಾನೇ ತಿರುಗ್ತದೆ. ಬಸ್ಸಿಗೆ ಹಾಕುವ. ಎರಡು ತಿರುವು ಹೋದ್ರೆ ಸರಿಯಾಗ್ತದೆ."

ಈಗ ಕೇಳಿದರೆ ನಿಮಗೆ ನಗು ಬರಬಹುದು. ಆ ಹೊತ್ತಿಗೆ ನಮಗೆ ಮೂವರಿಗೂ ಅದು ಎಷ್ಟು ಸರಿ ಎಂದು ಕಂಡಿತೆಂದರೆ, ಇಷ್ಟು ಸುಲಭದ ಸಂಗತಿ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ವಾರಿಜಾಕ್ಷಿ ನನಗೇ ಬೈದಳು. ನಾನು ಖಾಕಿ ಅಂಗಿ ಹಾಕಿಸಿಕೊಂಡೆ. ಚೀಲ ಹೆಗಲಿಗೆ ಬಂತು. ಒಂದು ತೋಳು ಮೂಸಬ್ಬನ ಹೆಗಲಿಗೆ, ಇನ್ನೊಂದು ತೋಳು ವಾರಿಜಾಕ್ಷಿಯ ಹೆಗಲಿಗೆ ಕೊಟ್ಟು ಬಸ್ಸಿಗೆ ಹೋದೆ. ಬಸ್ಸಿನಲ್ಲಿ ಆಗಲೇ ಹದಿನೆಂಟು ಜನ ಕುಳಿತಿದ್ದರು. "ಕಂಡಕ್ಟ್ರಿಗೆ ಸೌಖ್ಯ ಇಲ್ಲ, ಬಸ್ಸು ಹೋದ್ರೆ ಸರಿಯಾಗ್ತದೆ" ಎಂದು ಮೂಸಬ್ಬ ಅವರಿಗೆ ಸಮಾಧಾನ ಹೇಳಿ ಹೊರಟ.

ಮೊದಲ ತಿರುವಿನಲ್ಲಿ ಮನೆಯ ಬದಲು ಬಸ್ಸು ತಿರುಗಿತು. ಎರಡನೆಯ ತಿರುವಿನಲ್ಲಿ ಬಸ್ಸು ಒಂದು ಕಡೆಗೆ, ನನ್ನ ತಲೆ ಇನ್ನೊಂದು ಕಡೆಗೆ ತಿರುಗಿತು. ನಾನು ಕಿಟಕಿ ಹುಡುಕಿದೆ. ಕಿಟಕಿ ನಾಲ್ಕೈದು ಕಂಡವು, ಯಾವುದು ನಿಜದ್ದೆಂದು ತಿಳಿಯಲಿಲ್ಲ. ಕೈಗೆ ಸಿಕ್ಕಿದ್ದು ಹೆಗಲಿನ ಚೀಲ. ಬಾಯಿ ತೆರೆದು ಅದರಲ್ಲೇ ಎಲ್ಲವನ್ನೂ ಜಮೆ ಮಾಡಿದೆ. ಆ ದಿನ ಮೂಡುಬಿದಿರೆಯವರೆಗೆ ಯಾರೂ ಚಿಲ್ಲರೆ ಕೇಳಲಿಲ್ಲ.

ಬಸ್ಸು ಸೀದಾ ಹೋಗಿ ನಿಂತದ್ದು ಡಾಕ್ಟರ್ ಸನತ್‌ಕುಮಾರರ ಕ್ಲಿನಿಕ್ಕಿನ ಎದುರು. ಅವರು ಕಿವಿ, ಮೂಗು, ಗಂಟಲಿನ ಶಾಸ್ತ್ರ ಕಲಿತು ಹೊಸತಾಗಿ ಊರಿಗೆ ಬಂದ ಯುವಕ. ನನ್ನ ಹಿಂದೆ ವಾರಿಜಾಕ್ಷಿ, ಅವಳ ಹಿಂದೆ ಮೂಸಬ್ಬ, ಅವನ ಹಿಂದೆ ಹದಿನೆಂಟು ಪ್ರಯಾಣಿಕರಲ್ಲಿ ಹನ್ನೆರಡು ಮಂದಿ ಒಳಗೆ ಬಂದರು. ಉಳಿದ ಆರು ಜನ ಸೀಟು ಹೋಗುವ ಹೆದರಿಕೆಯಿಂದ ಕಿಟಕಿಯಲ್ಲೇ ಕಿವಿ ಇಟ್ಟರು.

ಡಾಕ್ಟರು ನನ್ನ ಕಣ್ಣು ನೋಡಿದರು. "ಕಣ್ಣು ಬಲಕ್ಕೆ ಓಡ್ತಾ ಉಂಟು" ಎಂದರು. ಹನ್ನೆರಡು ಮಂದಿಯೂ ಬಗ್ಗಿ ನೋಡಿ ಹೌದೆಂದರು. ಎರಡು ಕವಲಿನ ಒಂದು ಉಕ್ಕಿನ ಕಡ್ಡಿಯನ್ನು ತಟ್ಟಿ ಕಿವಿಗೆ ಹಿಡಿದರು. ಎರಡು ಕಿವಿಯಲ್ಲೂ ಸರಿಯಾಗಿ ಕೇಳಿಸಿತು. ಆಮೇಲೆ ಪಿಚಕಾರಿಯಲ್ಲಿ ತಣ್ಣೀರು ತುಂಬಿ ಎಡ ಕಿವಿಗೆ ಬಿಟ್ಟರು. ತಂಪಾಯಿತು, ಅಷ್ಟೆ. ಬಲ ಕಿವಿಗೆ ಬಿಟ್ಟರು. ಅದರ ನಂತರದ ಎರಡು ನಿಮಿಷವನ್ನು ನಾನು ವರ್ಣಿಸಲಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಸಾವಿರ ಕಂಬ ಇರುವುದು ನಿಮಗೆ ಗೊತ್ತು. ಡಾಕ್ಟರ ಮೇಜಿಗೆ ಅಷ್ಟೇ ಕಾಲುಗಳು ನನಗೆ ಕಂಡವು.

"ಪಿತ್ತ ಅಲ್ಲ," ಎಂದರು ಡಾಕ್ಟರು. "ಕಿವಿಯ ಒಳಗೆ, ನಾವು ಬೀಳದ ಹಾಗೆ ನೋಡಿಕೊಳ್ಳುವ ಒಂದು ನರ ಉಂಟು. ಎಡ ಕಿವಿಯ ನರಕ್ಕೆ ಉರಿಯೂತ ಆಗಿದೆ. ಶೀತದ ಹಿಂದೆ ಬರ್ತದೆ. ನಿಮ್ಮ ಬಸ್ಸಿಗೆ ಎರಡು ಬಾಗಿಲು ಉಂಟಲ್ಲ? ಹಿಂದಿನ ಬಾಗಿಲಿನವ 'ರೈಟ್' ಅಂತಾನೆ, ಮುಂದಿನವ ಸುಮ್ಮನೆ ನಿಂತಿದ್ದಾನೆ. ಡ್ರೈವರ್ ಏನು ಮಾಡ್ತಾನೆ?"

"ಇಬ್ಬರಿಗೂ ಬೈತೇನೆ," ಎಂದ ಮೂಸಬ್ಬ.

"ಇವರ ಮೆದುಳು ಈಗ ಅದನ್ನೇ ಮಾಡ್ತಾ ಉಂಟು. ಬಲ ಕಿವಿ ಹೋಗ್ತಾ ಇದ್ದೇವೆ ಅಂತದೆ, ಎಡ ಕಿವಿ ಮಾತಾಡುವುದಿಲ್ಲ."

ವಾರಿಜಾಕ್ಷಿ ಮುಂದೆ ಬಂದಳು. ಅವಳ ಮುಖದಲ್ಲಿ ಹದಿನಾಲ್ಕು ವರ್ಷದ ಆಸೆ ಇತ್ತು. "ಡಾಕ್ಟ್ರೆ, ಇದು ಕಂಬಿ ಹಿಡಿಯದೆ ನಿಂತದ್ದರಿಂದ ಬಂದದ್ದಲ್ಲವಾ?"

"ಅಲ್ಲಮ್ಮ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅವಳಿಗೆ ಆದ ನಿರಾಸೆಯನ್ನು ಆ ಸ್ಥಿತಿಯಲ್ಲೂ ಕಂಡು ನನಗೆ ಸ್ವಲ್ಪ ಹಾಯೆನಿಸಿತು.

ಡಾಕ್ಟರು ಮೂರು ದಿನಕ್ಕೆ ಮಾತ್ರೆ ಕೊಟ್ಟರು. ಮೂರು ದಿನ ಕಳೆದ ಮೇಲೆ ಮಾತ್ರೆಯೂ ಬೇಡ, ಹಾಸಿಗೆಯೂ ಬೇಡ. ಮಲಗಿದಷ್ಟು ಗುಣ ತಡ. ಆ ನರ ಪೂರ್ತಿ ಸರಿಯಾಗದಿದ್ದರೂ ಮೆದುಳು ಒಂದೇ ಕಿವಿಯ ಮಾತಿನಲ್ಲಿ ಗಾಡಿ ನಡೆಸಲು ಕಲಿಯುತ್ತದೆ, ಆದರೆ ಅದಕ್ಕೆ ಕಲಿಸಬೇಕು. ಕಣ್ಣು ಆಡಿಸಬೇಕು, ತಲೆ ಆಡಿಸಬೇಕು, ನಡೆಯಬೇಕು, ತಿರುಗಬೇಕು, ದಿನಕ್ಕೆ ಮೂರು ಸಲ. ತಲೆ ತಿರುಗಿದರೂ ಬಿಡಬಾರದು. ಇದನ್ನೆಲ್ಲ ಅವರು ಕಾಗದದಲ್ಲಿ ಬರೆದು ಕೊಟ್ಟದ್ದು ನನ್ನ ಕೈಗಲ್ಲ, ವಾರಿಜಾಕ್ಷಿಯ ಕೈಗೆ. ಡಾಕ್ಟರು ಮಾಡಿದ ತಪ್ಪು ಇದೊಂದೇ.

ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಕಿವಿಯ ಹತ್ತಿರ ಎರಡು ಸಲ ವಿಸಿಲ್ ಕೇಳಿಸಿತು. ಎರಡು ಎಂದರೆ ಹೊರಡು ಎಂದರ್ಥ. ನೋಡಿದರೆ ನನ್ನದೇ ವಿಸಿಲು, ವಾರಿಜಾಕ್ಷಿಯ ಬಾಯಲ್ಲಿ.

"ಏಳಿ. ಬಸ್ಸು ಹೊರಡ್ತದೆ."

"ಆ ವಿಸಿಲ್ ಇಡು ವಾರಿಜಾ. ಅದು ನನ್ನ ಅಧಿಕಾರ."

"ಅಧಿಕಾರ ಬಸ್ಸಿನಲ್ಲಿ. ಇದು ಅಂಗಳ. ಏಳಿ."

ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗವನ್ನು ಬಿಚ್ಚಿ ನೆಲದ ಮೇಲೆ ಉದ್ದಕ್ಕೆ ಹಾಸಿದ್ದಳು. ಅದರ ಮೇಲೆ ನಾನು ನಡೆಯಬೇಕು. ನಡೆಯುವಾಗ ತಲೆಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಬೇಕು. "ಬಲಗಡೆ ಸೀಟು ನೋಡಿ, ಎಡಗಡೆ ಸೀಟು ನೋಡಿ. ಟಿಕೆಟ್ ಆಯ್ತಾ ಕೇಳಿ" ಎಂದು ಅವಳು ಹಿಂದಿನಿಂದ ಹೇಳುತ್ತಿದ್ದಳು. ನಾನು ಎಡಗಡೆ ಸೀಟು ನೋಡಿದಾಗಲೆಲ್ಲ ಎಡಗಡೆಗೆ ಹೋಗಿ ಬಾಳೆಬುಡದಲ್ಲಿ ಕುಳಿತುಕೊಳ್ಳುತ್ತಿದ್ದೆ. ಒಂದು ವಿಸಿಲ್ ಊದಿ ಗಾಡಿ ನಿಲ್ಲಿಸಿ, ನನ್ನನ್ನು ಎತ್ತಿ ಹಗ್ಗದ ಮೇಲಿಟ್ಟು, ಎರಡು ವಿಸಿಲ್ ಊದುತ್ತಿದ್ದಳು.

"ಮುಂದೆ ಹೋಗಿ, ಮುಂದೆ ಹೋಗಿ. ಮುಂದೆ ಜಾಗ ಉಂಟು."

ಹದಿನಾಲ್ಕು ವರ್ಷ ನಾನು ಲಕ್ಷಾಂತರ ಜನರಿಗೆ ಹೇಳಿದ ಮಾತು ಅದು. ಅದನ್ನು ಕೇಳಿಸಿಕೊಳ್ಳುವವನಿಗೆ ಎಷ್ಟು ಕೋಪ ಬರುತ್ತದೆಂದು ಅಂದು ತಿಳಿಯಿತು. ಅವರೆಲ್ಲರ ಕ್ಷಮೆ ಕೇಳುತ್ತೇನೆ.

ಆಮೇಲೆ ಲಿಂಬೆಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಎಸೆದು ಹಿಡಿಯುವುದು. ಕುಳಿತು ಏಳುವುದು, ಕಣ್ಣು ಮುಚ್ಚಿ ಏಳುವುದು. ಎದುರುಮನೆಯಿಂದ ಮೂಸಬ್ಬನ ಹೆಂಡತಿ ಜುಲೈಕಾ ಬೇಲಿಯ ಹತ್ತಿರ ಮಣೆ ಹಾಕಿ ಕುಳಿತು, ತಾನೂ ಬೀಡಿ ಕಟ್ಟುತ್ತಾ ನೋಡುತ್ತಿದ್ದಳು. "ಇವತ್ತು ಎಷ್ಟು ಸಲ ಬಾಳೆಬುಡಕ್ಕೆ ಹೋದ್ರು ವಾರಿಜಕ್ಕ?" ಎಂದು ಕೇಳುವುದು, "ನಿನ್ನೆಯಿಂದ ಎರಡು ಕಮ್ಮಿ" ಎಂದು ಇವಳು ಹೇಳುವುದು. ಆಕಾಶವಾಣಿಯ ಹವಾಮಾನ ವರದಿಯ ಹಾಗೆ ದಿನಕ್ಕೆ ಮೂರು ಬಾರಿ ನನ್ನ ವರದಿ ತೋಡಾರಿನಲ್ಲಿ ಪ್ರಸಾರವಾಗುತ್ತಿತ್ತು.

ಹದಿನೈದು ದಿನ ಕಳೆದ ಮೇಲೆ ಡಾಕ್ಟರು ಪುನಃ ನೋಡಿದರು. ಕಣ್ಣು ಮುಚ್ಚಿ ನಿಂತಲ್ಲೇ ಐವತ್ತು ಹೆಜ್ಜೆ ಹಾಕಿ ಎಂದರು. ನಾನು ಗಣರಾಜ್ಯೋತ್ಸವದ ಸಿಪಾಯಿಯಂತೆ ಮೊಣಕಾಲು ಎತ್ತಿ ಎತ್ತಿ ಇಟ್ಟೆ. ಒಂದಿಷ್ಟೂ ಕದಲಲಿಲ್ಲವೆಂಬ ಧೈರ್ಯದಿಂದ ಕಣ್ಣು ತೆರೆದರೆ ಡಾಕ್ಟರು ಇರಲಿಲ್ಲ. ಎದುರಿಗೆ ಔಷಧಿ ಕಟ್ಟುವ ಕಂಪೌಂಡರ್ ಇದ್ದರು. ನಾನು ಇದ್ದಲ್ಲೇ ಎಡಕ್ಕೆ ತಿರುಗಿಬಿಟ್ಟಿದ್ದೆ.

"ಪರವಾಗಿಲ್ಲ, ಮೊದಲಿಗಿಂತ ಒಳ್ಳೆಯದುಂಟು," ಎಂದು ಬೆನ್ನ ಹಿಂದಿನಿಂದ ಡಾಕ್ಟರ ಸ್ವರ ಬಂತು. "ಇನ್ನು ಕೆಲಸಕ್ಕೆ ಹೋಗಬಹುದು. ಓಡಾಟದಿಂದಲೇ ಸರಿಯಾಗಬೇಕು. ಆದರೆ ಸ್ವಲ್ಪ ಸಮಯ ಏನಾದರೂ ಹಿಡಿದುಕೊಂಡು ನಿಲ್ಲಿ."

ಏನಾದರೂ ಹಿಡಿದುಕೊಂಡು. ನಾನು. ಆ ಮಾತು ಕೇಳಿ ವಾರಿಜಾಕ್ಷಿ ಡಾಕ್ಟರಿಗೆ ಎರಡು ಸಲ ಕೈಮುಗಿದಳು.

ಅದೇ ಸಂಜೆ ಮೂಸಬ್ಬ ಒಂದು ಸುದ್ದಿ ತಂದ. ಹೇಳುವ ಮೊದಲು ತುಂಡು ಬಿಚ್ಚಿ ಕಟ್ಟಿದ. "ಧನಿಗಳು ನಿನ್ನ ಬಗ್ಗೆ ಕೇಳಿದ್ರು. ರುಕ್ಮಯ್ಯನಿಗೆ ಇನ್ನು ನಿಂತು ಮಾಡುವ ಕೆಲಸ ಬೇಡ, ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ಏಜೆಂಟ್ ಆಗ್ಲಿ, ಸ್ಟೂಲ್ ಹಾಕಿ ಕೊಡುವ ಅಂದ್ರು. ಒಳ್ಳೆ ಮನಸ್ಸಿನಿಂದ್ಲೇ ಅಂದದ್ದು."

ಸ್ಟೂಲು. ಸ್ಟ್ಯಾಂಡ್ ಏಜೆಂಟ್ ಎಂದರೆ ಸ್ಟೂಲಿನ ಮೇಲೆ ಕುಳಿತು "ಬೆಳ್ತಂಗಡಿ, ಮುಂಡಾಜೆ, ಚಾರ್ಮಾಡಿ" ಎಂದು ಕೂಗುವವನು. ಬಸ್ಸು ಬರುತ್ತದೆ, ಬಸ್ಸು ಹೋಗುತ್ತದೆ, ಅವನು ಅಲ್ಲೇ ಇರುತ್ತಾನೆ. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಅದು ಕಾಲಿನಲ್ಲಿತ್ತು ಎಂದುಕೊಂಡಿದ್ದೆ, ಕಿವಿಯಲ್ಲಿತ್ತು ಎಂದು ಈಗ ಗೊತ್ತಾಗಿತ್ತು. ಎಲ್ಲಿದ್ದರೇನು, ಹೋದರೆ ಹೋದಂತೆಯೇ.

ಮರುದಿನ ಧನಿಗಳ ಮನೆಗೆ ಹೋದೆ. ಸಮಾಧಾನದಲ್ಲಿ ಮಾತಾಡಬೇಕೆಂದು ದಾರಿಯುದ್ದಕ್ಕೂ ವಾರಿಜಾಕ್ಷಿ ಪಾಠ ಮಾಡಿದ್ದಳು. ಭರತರಾಜ ಹೆಗ್ಡೆಯವರು ಮೃದು ಸ್ವಭಾವದವರು, ಇರುವೆಗೆ ದಾರಿ ಬಿಟ್ಟು ನಡೆಯುವ ಜನ. "ರುಕ್ಮಯ್ಯ, ನಿಮಗೆ ಆಗ್ತದೆ ಎಂದಾದರೆ ಕಂಬಿ ಹಿಡ್ಕೊಂಡು ಒಂದು ಟ್ರಿಪ್ ಮಾಡಿ ನೋಡಿ. ನಾನೂ ಬರ್ತೇನೆ. ಆಗದಿದ್ದರೆ ಸ್ಟ್ಯಾಂಡು" ಎಂದರು. ಇದಕ್ಕಿಂತ ಒಳ್ಳೆಯ ಮಾತನ್ನು ಯಾವ ಧನಿ ಹೇಳಿಯಾನು? ಆಗಲಿ ಎಂದು ನಮಸ್ಕಾರ ಮಾಡಿ ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆದರೆ 'ಕಂಬಿ ಹಿಡ್ಕೊಂಡು' ಎಂಬ ಮಾತು ನನ್ನ ಸರಿ ಇರುವ ಕಿವಿಗೆ ಬಿತ್ತು.

"ಕಂಬಿ ಹಿಡಿಯುವುದು ಎಂಬುದೇ ಇಲ್ಲ ಧನಿ," ಎಂದೆ. "ಘಾಟಿಯ ತುದಿ ಮುಟ್ಟುವವರೆಗೆ ಒಂದೇ ಒಂದು ಸಲ ನಾನು ಕಂಬಿ ಮುಟ್ಟಿದರೆ, ಚೀಲ ನಿಮ್ಮದು, ಸ್ಟೂಲು ನನ್ನದು."

ಧನಿಗಳು ವಾರಿಜಾಕ್ಷಿಯ ಮುಖ ನೋಡಿದರು. ವಾರಿಜಾಕ್ಷಿ ಮಾಡಿನ ಹಂಚು ನೋಡಿದಳು.

ತಿರುಗಿ ತೋಡಾರು ಹತ್ತಿರ ಬರುವಾಗ ಅವಳು ಹೇಳಿದಳು: "ಡಾಕ್ಟ್ರು ನಿಮ್ಮ ಕಿವಿಯನ್ನು ಮಾತ್ರ ನೋಡಿದ್ದು. ಬಾಯಿಯನ್ನೂ ಒಮ್ಮೆ ತೋರಿಸಬೇಕಿತ್ತು."

ಪರೀಕ್ಷೆಯ ದಿನ ಬಂತು. ಖಾಕಿಗೆ ಇಸ್ತ್ರಿ ಹಾಕಿಸಿದ್ದೆ. ತೊಳೆದು ಒಣಗಿಸಿದ ಚೀಲಕ್ಕೆ ವಾರಿಜಾಕ್ಷಿ ಹೊಸ ಪಟ್ಟಿ ಹೊಲಿಸಿದ್ದಳು, ಎರಡು ಬೆರಳಗಲದ ದಪ್ಪ ಚರ್ಮ. "ಹಳೆಯದು ಜೀರ್ಣ ಆಗಿತ್ತು" ಎಂದಳು. ನಾನು ಹೆಚ್ಚು ಗಮನ ಕೊಡಲಿಲ್ಲ. ಧನಿಗಳು ಮೂಡುಬಿದಿರೆಯಲ್ಲಿ ಹತ್ತಿ ಡ್ರೈವರನ ಪಕ್ಕದ ಒಂಟಿ ಸೀಟಿನಲ್ಲಿ ಕುಳಿತರು. ಹೆಂಗಸರ ಸೀಟಿನ ಅಂಚಿನಲ್ಲಿ, ಮಡಿಲಲ್ಲಿ ಒಂದು ಬುಟ್ಟಿ ಇಟ್ಟುಕೊಂಡು ಇನ್ನೊಬ್ಬರು ಕುಳಿತಿದ್ದರು.

"ನೀನು ಎಲ್ಲಿಗೆ?" ಎಂದೆ.

"ಕೊಟ್ಟಿಗೆಹಾರಕ್ಕೆ. ಕಿತ್ತಳೆ ತರ್ಲಿಕ್ಕೆ," ಎಂದಳು ವಾರಿಜಾಕ್ಷಿ.

ಬಸ್ಸಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಕಂಡಕ್ಟರನ ಹೆಂಡತಿ ಎಂದು ಬಿಟ್ಟುಬಿಡುವವನು ನಾನಲ್ಲ ಎಂದು ಜನರಿಗೆ ತಿಳಿಯಲಿ ಎಂದು ಗಟ್ಟಿಯಾಗಿಯೇ ಟಿಕೆಟ್ ಹರಿದೆ. ಅಷ್ಟಕ್ಕೇ ನಿಲ್ಲಲಿಲ್ಲ. "ಆ ಬುಟ್ಟಿಗೆ ಲಗೇಜ್ ಚಾರ್ಜ್ ಉಂಟು" ಎಂದೆ.

"ಇದಕ್ಕಾ? ಇದು ನನ್ನ ಕೈಯಲ್ಲೇ ಉಂಟಲ್ಲ."

"ಕೈಯಲ್ಲಿ ಹಿಡ್ಕೊಂಡರೆ ಚಾರ್ಜಿಲ್ಲ. ಕೆಳಗೆ ಬಿಟ್ಟರೆ ಚಾರ್ಜ್ ಆಗ್ತದೆ. ಇದು ಬಸ್ಸಿನ ಕಾನೂನು, ಮನೆಯದ್ದಲ್ಲ."

"ಹಿಡ್ಕೊಳ್ತೇನೆ. ಬಿಡುದಿಲ್ಲ," ಎಂದಳು.

ಬೆಳ್ತಂಗಡಿಯವರೆಗೆ ಏನೂ ತೊಂದರೆ ಆಗಲಿಲ್ಲ. ಬಸ್ಸು ತುಂಬಿತ್ತು. ನಿಲ್ಲಲು ಜಾಗ ಇಲ್ಲದಲ್ಲಿ ಬೀಳಲು ಜಾಗ ಎಲ್ಲಿ? ನಾಲ್ಕೂ ಕಡೆಯಿಂದ ಜನ ಒತ್ತಿ ಹಿಡಿದಿದ್ದರು. ಮುಂಡಾಜೆಯಲ್ಲಿ ಅರ್ಧ ಜನ ಇಳಿದರು. ಚಾರ್ಮಾಡಿಯಲ್ಲಿ ಉಳಿದವರಲ್ಲೂ ಅರ್ಧ ಇಳಿದು, ನಡುದಾರಿ ಖಾಲಿಯಾಯಿತು. ಟಿಕೆಟ್ ಕೊಡುವ ಕೆಲಸ ಮುಗಿದಿತ್ತು. ಧನಿಗಳಿಗೆ ಸರಿಯಾಗಿ ಕಾಣಲಿ ಎಂದು ನಾನು ಮುಂದೆ ಹೋಗಿ, ಅವರ ಕಡೆ ಮುಖ ಮಾಡಿ, ಹೆಂಗಸರ ಸೀಟಿಗೆ ಬೆನ್ನು ಕೊಟ್ಟು, ಕೈ ಎರಡನ್ನೂ ಎದೆಗೆ ಕಟ್ಟಿ ನಿಂತೆ.

ಮೊದಲ ತಿರುವು ಬಂತು. ಮೂಸಬ್ಬ ಸ್ಟೇರಿಂಗ್ ತಿರುಗಿಸಿದ. ಎಡ ಕಿವಿ ಎಂದಿನಂತೆ ಮಾತಾಡಲಿಲ್ಲ. ಬಸ್ಸು ಬಲಕ್ಕೆ ಹೊರಳಿತು, ನಾನು ಎಡಕ್ಕೆ ವಾಲಿದೆ. ಬಾಳೆಬುಡ ಕಣ್ಣೆದುರು ಬಂತು. ಅಷ್ಟರಲ್ಲಿ ಏನಾಯಿತೋ, ಹೆಗಲಿನ ಹತ್ತಿರ ಯಾವುದೋ ಶಕ್ತಿ ನನ್ನನ್ನು ತಡೆದು ನಿಲ್ಲಿಸಿತು. ಎರಡನೆಯ ತಿರುವಿನಲ್ಲೂ ಹಾಗೆಯೇ. ಮೂರನೆಯದರಲ್ಲಿ ನನಗೆ ತಿಳಿದುಹೋಯಿತು. ಮೆದುಳು ಕಲಿತಿದೆ. ಡಾಕ್ಟರು ಹೇಳಿದ್ದು ಇದನ್ನೇ.

ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಕೈ ಬಿಚ್ಚಿ ಸೊಂಟಕ್ಕೆ ಇಟ್ಟೆ. ಆರನೆಯ ತಿರುವಿನಲ್ಲಿ ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿದೆ. ಹಿಂದಿನ ಸೀಟುಗಳಲ್ಲಿ ಜನ ಪಿಸುಪಿಸು ಮಾತಾಡಿಕೊಂಡು ನಗುತ್ತಿದ್ದರು. ನನ್ನ ಸಾಹಸಕ್ಕೆ ಬೆರಗಾಗಿದ್ದಾರೆ ಎಂದುಕೊಂಡೆ. ಧನಿಗಳು ಹಿಂದೆ ತಿರುಗಿ ನೋಡಿದರು, ಕೆಮ್ಮಿದರು, ಮುಂದೆ ತಿರುಗಿದರು. ಮೂಸಬ್ಬನ ಹೆಗಲುಗಳು ಕುಲುಕುತ್ತಿದ್ದವು. ಇಂಜಿನ್ ಸರಿ ಇಲ್ಲ ಎಂದು ನನಗೆ ಚಿಂತೆಯಾಯಿತು.

ಘಾಟಿಯ ತುದಿ ಬಂತು. ನಾನು ಒಂದು ವಿಸಿಲ್ ಊದಿ ಬಸ್ಸು ನಿಲ್ಲಿಸಿದೆ. ಚುನಾವಣೆ ಗೆದ್ದವನಂತೆ ಎಲ್ಲರ ಕಡೆ ತಿರುಗಿ, "ನೋಡಿದ್ರಲ್ಲ. ಕಂಬಿ ಮುಟ್ಟಿದ್ದು ಯಾರಾದ್ರೂ ಕಂಡದ್ದುಂಟಾ?" ಎಂದು ಕೇಳುವವನಿದ್ದೆ.

ತಿರುಗಲು ನೋಡಿದೆ ಅಷ್ಟೆ. ಅರ್ಧ ತಿರುಗುವಾಗ ಚೀಲದ ಪಟ್ಟಿ ಬಿಗಿದು ನಿಂತಿತು. ಕಣ್ಣು ಕೆಳಗೆ ಮಾಡಿ ನೋಡಿದೆ. ನನ್ನ ಬೆನ್ನ ಮೇಲಿಂದ ಹೋದ ಆ ಎರಡು ಬೆರಳಗಲದ ಹೊಸ ಪಟ್ಟಿ ವಾರಿಜಾಕ್ಷಿಯ ಮುಷ್ಟಿಯಲ್ಲಿತ್ತು. ಬುಟ್ಟಿ ಪಕ್ಕದವರ ಮಡಿಲಲ್ಲಿತ್ತು. ಒಂದು ಪಾದವನ್ನು ಮುಂದಿನ ಸೀಟಿನ ಕಾಲಿಗೆ ಒತ್ತಿ ಇಟ್ಟು, ಹಟ ಮಾಡುವ ಕರುವನ್ನು ಹಿಡಿದವಳ ಹಾಗೆ ಕುಳಿತಿದ್ದಳು. ಮುಖದಲ್ಲಿ ಬೆವರು. ಚಾರ್ಮಾಡಿಯಿಂದ ಇಲ್ಲಿಯವರೆಗೆ, ಒಂದೊಂದು ತಿರುವಿನಲ್ಲೂ, ಇಡೀ ಬಸ್ಸಿಗೆ ಗೊತ್ತಿದ್ದ ಸಂಗತಿ ನನಗೊಬ್ಬನಿಗೆ ಗೊತ್ತಿರಲಿಲ್ಲ.

ಮಾತಾಡಲು ಬಾಯಿ ತೆರೆದೆ. ಬಾಯಲ್ಲಿ ವಿಸಿಲ್ ಇತ್ತು. ಸಣ್ಣಗೆ ಪೀ ಎಂದಿತು.

ಧನಿಗಳು ಎದ್ದು ನಿಂತರು. ನಗು ತಡೆದು ತಡೆದು ಅವರ ಕಣ್ಣಲ್ಲಿ ನೀರು ಬಂದಿತ್ತು. "ರುಕ್ಮಯ್ಯ, ನೀವು ಕಂಬಿ ಮುಟ್ಟಲಿಲ್ಲ, ಅದು ಸತ್ಯ. ಚೀಲ ನಿಮ್ಮದೇ. ಆದರೆ ಇನ್ನು ಒಂದು ತಿಂಗಳು ಕಂಬಿ ಹಿಡ್ಕೊಂಡು ನಿಲ್ಲಬೇಕು. ಆಗದಿದ್ದರೆ ಹೇಳಿ, ಇವರಿಗೆ ಒಂದು ಫ್ರೀ ಪಾಸು ಬರೆದು ಕೊಡ್ತೇನೆ."

ನಾನು ಕಂಬಿಯನ್ನು ನೋಡಿದೆ. ವಾರಿಜಾಕ್ಷಿಯ ಅಂಗೈ ನೋಡಿದೆ. ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು. ಆ ಕೈಯಲ್ಲಿ ಅವಳು ಎರಡು ದಿನ ಬೀಡಿ ಕಟ್ಟಲಾರಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಬೇರೆ ಏನೂ ತೋಚದೆ ಬಲಗೈ ಎತ್ತಿ ಕಂಬಿ ಹಿಡಿದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಸುಖವಾಗಿಯೇ ಇತ್ತು, ಹೇಳಬಾರದು.

ಇಳಿಯುವ ದಾರಿಯಲ್ಲಿ ವಾರಿಜಾಕ್ಷಿ ಕಿಟಕಿಯ ಪಕ್ಕ ಕುಳಿತು ಕಿತ್ತಳೆ ಸುಲಿಯುತ್ತಿದ್ದಳು. ನಾನು ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡೇ ಅವಳ ಹತ್ತಿರ ಹೋಗಿ, ಮರ್ಯಾದೆಯ ಕೊನೆಯ ಚೂರನ್ನಾದರೂ ಉಳಿಸಿಕೊಳ್ಳುವ ಎಂದು, "ಟಿಕೆಟ್" ಎಂದೆ.

ಅವಳು ತನ್ನ ಟಿಕೆಟಿನ ಹಣ ಕೊಟ್ಟಳು. ಆಮೇಲೆ ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು:

"ಘಾಟಿ ಹತ್ತುವಾಗಿನ ಲಗೇಜಿಗೆ ಚಾರ್ಜ್ ಕೇಳ್ಬೇಡಿ ಮತ್ತೆ. ಕೈಯಲ್ಲಿ ಹಿಡ್ಕೊಂಡೇ ಬಂದದ್ದು. ಒಂದು ಸಲವೂ ಕೆಳಗೆ ಬಿಡ್ಲಿಲ್ಲ."